ಲೆಕ್ಕದ ಪುಸ್ತಕಕ್ಕೆ ಸಿಗದ ಬೌಲರ್: ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಕವಿಗಳನ್ನೂ ದಾಸರನ್ನೂ ಏಕೀಕರಣಕ್ಕೆ ದುಡಿದ ಹಿರಿಯರನ್ನೂ ನೆನೆಯುವುದು ವಾಡಿಕೆ. ಈ ಸಲ ಒಬ್ಬ ಆಟಗಾರರನ್ನು ನೆನೆಯೋಣ. ಕ್ರಿಕೆಟ್ ಎಂದರೆ ಊಟ ಬಿಟ್ಟು ಕೂರುವ ಮನೆಗಳು ನಮ್ಮಲ್ಲಿ ಬಹಳ. ಆದರೂ ಪಾಲ್ವಂಕರ್ ಬಾಲೂ ಎಂಬ ಹೆಸರು ಹೇಳಿದರೆ ಅದು ಯಾರು ಎಂದು ಕೇಳುವವರೇ ಹೆಚ್ಚು. ಒಂದು ಕಾಲದಲ್ಲಿ ಈ ದೇಶದ ಅತ್ಯುತ್ತಮ ಬೌಲರ್ ಅವರೇ ಆಗಿದ್ದರು. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ.

ಅವರ ಹೆಸರಿನ ಮುಂದೆ ದಾಖಲೆ ಪುಸ್ತಕದಲ್ಲಿ ಇರುವುದು ಇಷ್ಟು: ಪ್ರಥಮ ದರ್ಜೆ ಪಂದ್ಯಗಳು 33, ವಿಕೆಟ್‌ಗಳು 179, ಸರಾಸರಿ 15.21. ಟೆಸ್ಟ್ ಪಂದ್ಯಗಳು ಇಲ್ಲ. ನಾಯಕತ್ವ ಇಲ್ಲ. ಇಷ್ಟನ್ನೇ ನೋಡಿದವರು ಚೆನ್ನಾಗಿ ಆಡುತ್ತಿದ್ದ ಹಳೆಯ ಕಾಲದ ಯಾರೋ ಒಬ್ಬರು ಎಂದುಕೊಂಡು ಪುಟ ತಿರುಗಿಸುತ್ತಾರೆ. ಈ ಅಂಕಿಗಳು ಸುಳ್ಳಲ್ಲ. ಆದರೆ ಅವು ಎಷ್ಟನ್ನು ಹೇಳುತ್ತವೆಯೋ ಅದಕ್ಕಿಂತ ಹೆಚ್ಚನ್ನು ಮುಚ್ಚಿಡುತ್ತವೆ. ಏನನ್ನು ಮುಚ್ಚಿಟ್ಟಿವೆ ಎಂಬುದನ್ನು ಬಿಡಿಸಿ ನೋಡುವುದೇ ಈ ಬರಹದ ಉದ್ದೇಶ.

ಬಾಲೂ ಅವರು ಹುಟ್ಟಿದ್ದು 1870ರ ದಶಕದ ನಡುವಿನಲ್ಲಿ. ಧಾರವಾಡ ಆಗ ಮುಂಬಯಿ ಪ್ರೆಸಿಡೆನ್ಸಿಯಲ್ಲಿತ್ತು. ಮನೆತನದ ಮೂಲ ಊರು ಕೊಂಕಣದ ಪಾಲ್ವಣ್. ಪಾಲ್ವಂಕರ್ ಎಂಬ ಹೆಸರು ಬಂದದ್ದು ಅಲ್ಲಿಂದ. ಕುಟುಂಬ ಚಮ್ಮಾರ ಸಮುದಾಯದ್ದು. ಚರ್ಮದ ಕೆಲಸ ಮಾಡುತ್ತಾರೆಂಬ ಕಾರಣಕ್ಕೆ ಆಗಿನ ಸಮಾಜ ಈ ಜನರನ್ನು ಮುಟ್ಟದೆ ದೂರ ಇಟ್ಟಿತ್ತು. ತಂದೆ ಸೈನ್ಯದ ನೌಕರಿಯಲ್ಲಿದ್ದುದರಿಂದ ಸಂಸಾರ ಪುಣೆಗೆ ಹೋಯಿತು. ಬಾಲೂ ಬೆಳೆದದ್ದು ಅಲ್ಲಿ, ಹೆಸರು ಮಾಡಿದ್ದು ಮುಂಬಯಿಯಲ್ಲಿ.

ಹಾಗಾದರೆ ಇವರನ್ನು ನಮ್ಮವರೆನ್ನಬಹುದೇ ಎಂದು ಕೆಲವರು ಕೇಳಿಯಾರು. ಹೊಸೂರಿನಲ್ಲಿ ಕುಳಿತ ನಮಗೆ ಈ ಪ್ರಶ್ನೆ ಹೊಸದಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಸಂತೆಯಲ್ಲಿ ಮೂರನೆಯದು ಎಂದು ಬದುಕುವವರು ನಾವು. ಹೊಸೂರು ಮೊದಲು ಸೇಲಂ ಜಿಲ್ಲೆಗೆ, ಆಮೇಲೆ ಧರ್ಮಪುರಿಗೆ, 2004ರಿಂದ ಕೃಷ್ಣಗಿರಿಗೆ ಸೇರಿತು. ಊರು ಮಾತ್ರ ಇದ್ದಲ್ಲೇ ಇದೆ. ಧಾರವಾಡ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಒಂದು ವರ್ಷ ಮೊದಲೇ ಬಾಲೂ ತೀರಿಕೊಂಡಿದ್ದರು. ಅವರನ್ನು ಕನ್ನಡದ ಕವಿಯಂತೆ ನಮ್ಮವರೆಂದು ನಾವು ಹೇಳುವುದಿಲ್ಲ. ಕನ್ನಡದ ನೆಲದಲ್ಲಿ ಹುಟ್ಟಿ ಗಡಿಯಾಚೆ ಬಾಳಿದವರು ಅವರು. ಗಡಿಯಲ್ಲಿರುವ ನಾವಲ್ಲದೆ ಇಂಥವರನ್ನು ಇನ್ಯಾರು ನೆನೆಯಬೇಕು?

ಪುಣೆಯಲ್ಲಿ ಬಾಲೂ ಮತ್ತು ತಮ್ಮ ಶಿವರಾಮ, ಸೈನ್ಯದ ಅಧಿಕಾರಿಗಳು ಬಳಸಿ ಬಿಸಾಡಿದ ಬ್ಯಾಟು ಚೆಂಡುಗಳಿಂದ ಆಟ ಕಲಿತರು. ಓದು ಬೇಗನೆ ನಿಂತಿತು. ಬಾಲೂಗೆ ಸಿಕ್ಕ ಮೊದಲ ಕೆಲಸ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಸದಸ್ಯರಿಗೆ ಆಗೀಗ ಚೆಂಡು ಎಸೆಯುವುದು. ತಿಂಗಳಿಗೆ ಮೂರು ರೂಪಾಯಿ ಸಂಬಳ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ನಾಲ್ಕು ರೂಪಾಯಿ. ನೆಟ್ ಕಟ್ಟಬೇಕು, ಪಿಚ್ ಸಿದ್ಧಮಾಡಬೇಕು, ಟೆನಿಸ್ ಅಂಗಳಕ್ಕೆ ಸುಣ್ಣದ ಗೆರೆ ಹಾಕಬೇಕು.

ಟ್ರಾಸ್ ಎಂಬ ಒಬ್ಬ ಬಿಳಿಯ ಸದಸ್ಯ ಒಂದು ದಿನ ಈ ಕೆಲಸದ ಹುಡುಗನ ಕೈಗೆ ಚೆಂಡು ಕೊಟ್ಟು ಬೌಲ್ ಮಾಡಲು ಹೇಳಿದ. ಅಲ್ಲಿಂದ ಕಥೆ ಬದಲಾಯಿತು. ಕ್ಲಬ್ಬಿನ ಮುಖ್ಯ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಜೆ. ಜಿ. ಗ್ರೇಗ್. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಕೌಂಟಿಗೂ ಆಡಿದವರು, ಭಾರತದಲ್ಲಿದ್ದ ಬಿಳಿಯ ಆಟಗಾರರಲ್ಲಿ ದೊಡ್ಡ ಹೆಸರು. ಇವರು ಬೇರೆಯವರಿಗಿಂತ ಮುಂಚೆ ಬಂದು ಬಾಲೂ ಕೈಯಲ್ಲಿ ಗಂಟೆಗಟ್ಟಲೆ ಬೌಲ್ ಮಾಡಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ.

ಬಾಲೂ ಎಡಗೈ ನಿಧಾನಗತಿಯ ಸ್ಪಿನ್ ಬೌಲರ್. ಈ ಬಗೆಯ ಬೌಲರ್ ಹಾಕುವ ಚೆಂಡು ಬಲಗೈ ಆಟಗಾರನ ಕಾಲಿನ ಕಡೆಯಿಂದ ಆಚೆಗೆ ತಿರುಗಿ ಹೋಗುತ್ತದೆ. ಆಟಗಾರ ಅದನ್ನೇ ನಂಬಿಕೊಂಡಾಗ ಒಂದು ಚೆಂಡು ತಿರುಗದೆ ನೇರ ಒಳಗೆ ಬಂದು ಸ್ಟಂಪಿಗೆ ಬಡಿಯುತ್ತದೆ. ಚೆಂಡನ್ನು ಗಾಳಿಯಲ್ಲಿ ತೇಲಿಸುವುದು, ಇನ್ನೊಂದನ್ನು ಅದೇ ಕೈಚಳಕದಿಂದ ಸ್ವಲ್ಪ ಮೊದಲೇ ನೆಲಕ್ಕೆ ಬೀಳಿಸುವುದು, ಎರಡರ ವ್ಯತ್ಯಾಸ ತಿಳಿಯದಂತೆ ಮಾಡುವುದು — ಇದು ವರ್ಷಗಟ್ಟಲೆ ಒಂದೇ ಜಾಗಕ್ಕೆ ಚೆಂಡು ಹಾಕಿದವರಿಗೆ ಮಾತ್ರ ಬರುವ ವಿದ್ಯೆ. ಬಾಲೂ ಅದನ್ನು ಕಲಿತದ್ದು ನಾಲ್ಕು ರೂಪಾಯಿ ಸಂಬಳದ ಕೆಲಸದಲ್ಲಿ. ಆ ಕ್ಲಬ್ಬಿನಲ್ಲಿ ಅವರು ಸಾವಿರಾರು ಚೆಂಡು ಎಸೆದಿರಬೇಕು. ಬ್ಯಾಟ್ ಹಿಡಿಯಲು ಮಾತ್ರ ಒಮ್ಮೆಯೂ ಬಿಡಲಿಲ್ಲ. ಬ್ಯಾಟ್ ಮಾಡುವುದು ಸಾಹೇಬರ ಹಕ್ಕು ಎಂಬುದು ಅಲ್ಲಿನ ಪದ್ಧತಿ.

ಕೆಲಸದ ಹುಡುಗನ ಕೈಚಳಕದ ಸುದ್ದಿ ಊರಿಗೆ ಹರಡಿತು. ಪುಣೆಯ ಹಿಂದೂಗಳ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಆಸೆ. ಸೋಲಿಸಬಲ್ಲ ಬೌಲರ್ ಊರಲ್ಲೇ ಇದ್ದಾನೆ, ಆದರೆ ಜಾತಿಯ ತೊಡಕು. ತಂಡದಲ್ಲಿದ್ದ ತೆಲುಗು ಸದಸ್ಯರು ಸೇರಿಸಿಕೊಳ್ಳೋಣ ಎಂದರು, ಕೆಲವು ಬ್ರಾಹ್ಮಣ ಸದಸ್ಯರು ಬೇಡವೆಂದರು. ಇಂಥ ಬೌಲರನ್ನು ಬಿಟ್ಟರೆ ಹಿಂದೂಗಳಂಥ ದಡ್ಡರಿಲ್ಲ ಎಂಬ ಅರ್ಥ ಬರುವಂತೆ ಗ್ರೇಗ್ ಅವರೇ ಪತ್ರಿಕೆಗೆ ಹೇಳಿಕೆ ಕೊಟ್ಟರು. ಕೊನೆಗೆ ಬಾಲೂ ತಂಡಕ್ಕೆ ಬಂದರು.

ಬಂದರು ಎಂದರೆ ಮೈದಾನದ ಒಳಗೆ ಬಂದರು ಅಷ್ಟೆ. ಆಟ ನಡೆಯುವಾಗ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವೇಳೆ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು. ಬಾಲೂಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಮುಖ ತೊಳೆಯಬೇಕಾದರೆ ಅವರದೇ ಸಮುದಾಯದಂಥ ಆಳು ಮೈದಾನದ ಮೂಲೆಯಲ್ಲಿ ನೀರು ಹಾಕಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಅದಾದ ಮೇಲೆ ಮತ್ತೆ ಒಳಗೆ ಹೋಗಿ ತಂಡಕ್ಕಾಗಿ ವಿಕೆಟ್ ತೆಗೆಯಬೇಕು. ಅವರು ತೆಗೆದರು. ಪುಣೆಯ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿದರು. ಸತಾರಾದಲ್ಲಿ ಬಿಳಿಯರ ಜಿಮ್‌ಖಾನಾ ಅವರ ಸ್ಪಿನ್ನಿಗೆ ಹೆದರಿ, ನೆಲ ಗಟ್ಟಿಯಾಗಲೆಂದು ವಾರವಿಡೀ ರೋಲರ್ ಎಳೆಸಿತಂತೆ. ಅಲ್ಲೂ ಬಾಲೂ ಏಳು ವಿಕೆಟ್ ಕಿತ್ತರು. ರೋಲರ್ ಎಳೆದೇ ಬೆಳೆದವರಿಗೆ ರೋಲರ್ ಎಳೆದ ಪಿಚ್ಚಿನ ಗುಟ್ಟು ಗೊತ್ತಿಲ್ಲದೆ ಇರುತ್ತದೆಯೇ?

ಆಡುವಾಗ ಜೊತೆಗಿರುವವರು ಉಣ್ಣುವಾಗ ಜೊತೆಗಿರಬಾರದೇಕೆ ಎಂಬ ಪ್ರಶ್ನೆ ಪುಣೆಯಲ್ಲಿ ಎದ್ದಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರಂಥ ಸುಧಾರಕರು ಬಾಲೂ ಪರವಾಗಿ ನಿಂತರು.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಪುಣೆಗೂ ಹರಡಿತು. ಆ ವರ್ಷಗಳಲ್ಲಿ ಬಾಲೂ ಮುಂಬಯಿಗೆ ಹೋದರು. ಅಲ್ಲಿ ಸ್ವಲ್ಪ ಕಾಲ ಸೈನ್ಯದ ಕೆಲಸ, ಆಮೇಲೆ ರೈಲ್ವೆ ನೌಕರಿ. ಹಿಂದೂ ಜಿಮ್‌ಖಾನಾ ಸೇರಲು ಅಲ್ಲೂ ಮೊದಲು ಆಕ್ಷೇಪ ಬಂತು. ನಾಯಕ ಕೀರ್ತಿಕರ್ ಪಟ್ಟು ಹಿಡಿದು ಸೇರಿಸಿಕೊಂಡರು. ತಮ್ಮ ಶಿವರಾಮ ಕೂಡ ಬಂದರು.

1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ಪಂದ್ಯ. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಗೆಲುವು 109 ರನ್ನುಗಳದ್ದು. ಬಾಲೂ ಎಂಟು ವಿಕೆಟ್ ಪಡೆದರು. ಬಂಗಾಳದ ವಿಭಜನೆಯಾಗಿ, ಸ್ವದೇಶಿ ಚಳವಳಿ ಕಾವೇರಿದ್ದ ಕಾಲ ಅದು. ಆಳುವವರನ್ನು ಅವರ ಆಟದಲ್ಲೇ ಸೋಲಿಸಿದ್ದು ದೊಡ್ಡ ಸುದ್ದಿಯಾಯಿತು. ಮುಂಬಯಿಯ ಇಂಡಿಯನ್ ಸೋಷಿಯಲ್ ರಿಫಾರ್ಮರ್ ಪತ್ರಿಕೆ ಗೆಲುವಿಗಿಂತ ಹೆಚ್ಚಾಗಿ, ಚಮ್ಮಾರ ಸಹೋದರರು ಉಳಿದವರ ಜೊತೆ ಕುಳಿತು ಉಂಡದ್ದನ್ನು ಮೆಚ್ಚಿ ಬರೆಯಿತು. ಪುಣೆಯ ಕುಡಿಕೆಯಿಂದ ಮುಂಬಯಿಯ ಊಟದ ಮೇಜಿಗೆ ಬರಲು ಹತ್ತು ವರ್ಷ ಹಿಡಿದಿತ್ತು.

1911ರಲ್ಲಿ ಅಖಿಲ ಭಾರತ ತಂಡ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋಯಿತು. ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19. ಅವರಿಗೆ ಆಟಕ್ಕಿಂತ ಲಂಡನ್ನಿನ ಔತಣ ಸಮಾರಂಭಗಳೇ ಹೆಚ್ಚಾದವು. ತಂಡದಲ್ಲಿ ಬಾಲೂ, ಶಿವರಾಮ ಇಬ್ಬರೂ ಇದ್ದರು. ನಮ್ಮ ಬೆಂಗಳೂರಿನ ಜಯರಾಂ ಕೂಡ ಇದ್ದರು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಬಹಳ. ಆಡಿದ 14 ಪ್ರಥಮ ದರ್ಜೆ ಪಂದ್ಯಗಳಲ್ಲಿ ಗೆಲುವು ಎರಡೇ, ಸೋಲು ಹತ್ತು. ಅಂಥ ತಂಡದಲ್ಲಿ, ಮೂವತ್ತೈದರ ಆಸುಪಾಸಿನಲ್ಲಿದ್ದ, ಭುಜದ ನೋವಿನಿಂದ ನರಳುತ್ತಿದ್ದ ಬಾಲೂ ಇಡೀ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಅವುಗಳಲ್ಲಿ 75 ಪ್ರಥಮ ದರ್ಜೆಯವು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 103 ರನ್ನಿಗೆ 8 ವಿಕೆಟ್. ಲೀಸ್ಟರ್‌ಷೈರ್ ವಿರುದ್ಧ ತಂಡ ಗೆದ್ದಾಗ ಹನ್ನೊಂದು ವಿಕೆಟ್ ಅವರದು.

ಪ್ರವಾಸದಿಂದ ಮರಳಿದಾಗ ಮುಂಬಯಿಯ ದಲಿತ ಸಮುದಾಯದವರು ಅವರಿಗೆ ಸನ್ಮಾನ ಏರ್ಪಡಿಸಿದರು. ಆ ಸಭೆಯ ಅಭಿನಂದನಾ ಪತ್ರದ ಹಿಂದೆ ಎಲ್ಫಿನ್‌ಸ್ಟನ್ ಕಾಲೇಜಿನ ಒಬ್ಬ ವಿದ್ಯಾರ್ಥಿ ಇದ್ದ. ಹೆಸರು ಭೀಮರಾವ್ ಅಂಬೇಡ್ಕರ್.

ಇಷ್ಟಾದ ಮೇಲೆ ನಾಯಕತ್ವ ಬರಬೇಕಿತ್ತಲ್ಲವೇ? ಬರಲಿಲ್ಲ. ಮುಂಬಯಿಯಲ್ಲಿ ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, 1912ರಿಂದ ಮುಸಲ್ಮಾನರು ಹೀಗೆ ನಾಲ್ಕು ತಂಡಗಳ ಪಂದ್ಯಾವಳಿ ನಡೆಯುತ್ತಿತ್ತು. ಹಿಂದೂ ತಂಡದ ಅತ್ಯಂತ ಹಿರಿಯ, ಅತ್ಯಂತ ಸಮರ್ಥ ಆಟಗಾರ ಬಾಲೂ. ಆದರೂ ಪ್ರತಿ ವರ್ಷ ನಾಯಕನ ಹೆಸರು ಬೇರೆಯೇ ಇರುತ್ತಿತ್ತು. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರು ಈ ಗೌರವ ಬಾಲೂ ಅವರಿಗೆ ಸಲ್ಲಬೇಕಿತ್ತು ಎಂದು ಬಹಿರಂಗವಾಗಿಯೇ ಹೇಳಿದರು. ಪೈ ಅವರ ಈ ದೊಡ್ಡತನವನ್ನೂ ನೆನೆಯಬೇಕು.

1920ರಲ್ಲಿ ವಿಷಯ ಸಿಡಿಯಿತು. ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಪೈ ಅವರಿಗೆ ಅನಾರೋಗ್ಯವಾದಾಗ ನಾಯಕತ್ವವನ್ನು ಪಾಲ್ವಂಕರ್ ಸಹೋದರರಿಗೆ ಕೊಡದೆ ಅವರಿಗಿಂತ ಕಿರಿಯರಾದ ಡಿ. ಬಿ. ದೇವಧರ್ ಅವರಿಗೆ ಕೊಟ್ಟರು. ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ಆಡುವುದಿಲ್ಲವೆಂದು ತಂಡ ಬಿಟ್ಟು, ಜಾತಿಯ ಕಾರಣಕ್ಕೆ ಹೀಗಾಗಿದೆ ಎಂದು ಪತ್ರಿಕೆಗಳಲ್ಲಿ ಹೇಳಿಕೆ ಕೊಟ್ಟರು. ಮುಂಬಯಿಯಲ್ಲಿ ದೊಡ್ಡ ಚರ್ಚೆಯಾಯಿತು. ಆಯ್ಕೆಗಾರರು ಮಣಿದರು. ಬಾಲೂ ಉಪನಾಯಕರಾಗಿ ಮರಳಿದರು. ಪೈ ಅವರು ಪಂದ್ಯದ ನಡುವೆ ಮೈದಾನದಿಂದ ಹೊರಗೆ ಹೋಗಿ, ಸ್ವಲ್ಪ ಹೊತ್ತಾದರೂ ಬಾಲೂ ತಂಡ ನಡೆಸುವಂತೆ ಅನುವು ಮಾಡಿಕೊಟ್ಟರು. ಬಾಲೂ ಅವರ ಆಟ ಆ ಋತುವಿಗೇ ಮುಗಿಯಿತು. ಅವರಿಗೆ ಸಿಗದೆ ಹೋದ ನಾಯಕತ್ವ 1923ರಲ್ಲಿ ತಮ್ಮ ವಿಠ್ಠಲ ಅವರಿಗೆ ಸಿಕ್ಕಿತು. ಆ ವರ್ಷ ಹಿಂದೂಗಳು ಗೆದ್ದರು. ಜನ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಈಗ ಮತ್ತೆ ಲೆಕ್ಕಕ್ಕೆ ಬರೋಣ. 33 ಪಂದ್ಯ, 179 ವಿಕೆಟ್.

ಮೊದಲನೆಯದಾಗಿ, ಈ ಲೆಕ್ಕ ಶುರುವಾಗುವುದು 1905–06ರಲ್ಲಿ. ಆಗ ಬಾಲೂ ಅವರಿಗೆ ಸುಮಾರು ಮೂವತ್ತು ವರ್ಷ. ಹದಿನಾರು ಹದಿನೇಳರಿಂದ ಮೂವತ್ತರವರೆಗೆ, ಬೌಲರ್ ಒಬ್ಬನ ಮೈಯಲ್ಲಿ ಕಸುವಿರುವ ವರ್ಷಗಳಲ್ಲಿ, ಅವರು ಪಡೆದ ಒಂದು ವಿಕೆಟ್ ಕೂಡ ಇದರಲ್ಲಿ ಇಲ್ಲ. ನೆಟ್ಟಿನಲ್ಲಿ ಗ್ರೇಗ್ ಅವರನ್ನು ಔಟ್ ಮಾಡಿದ್ದು ಯಾವ ಪುಸ್ತಕದಲ್ಲಿ ಬರೆಯುತ್ತಾರೆ?

ಎರಡನೆಯದು, 1905–06ರಿಂದ 1920–21ರವರೆಗೆ ಹದಿನಾರು ಋತುಗಳಲ್ಲಿ ಬರೀ 33 ಪಂದ್ಯ, ವರ್ಷಕ್ಕೆ ಎರಡು. ಇಂಗ್ಲೆಂಡಿನಲ್ಲಿ ಅವರ ಓರಗೆಯ ವಿಲ್ಫ್ರೆಡ್ ರೋಡ್ಸ್ ಎಂಬ ಬೌಲರ್ ಇದ್ದರು. ಹುಟ್ಟಿದ್ದು 1877ರಲ್ಲಿ, ಬೌಲ್ ಮಾಡುತ್ತಿದ್ದುದು ಎಡಗೈ ನಿಧಾನಗತಿಯ ಸ್ಪಿನ್. ಯಾರ್ಕ್‌ಷೈರ್ ಕೌಂಟಿಗೆ ಆಡುತ್ತ 1,100ಕ್ಕೂ ಹೆಚ್ಚು ಪಂದ್ಯಗಳಲ್ಲಿ 4,200ರಷ್ಟು ವಿಕೆಟ್ ಪಡೆದು ವಿಶ್ವದಾಖಲೆ ಮಾಡಿದರು. ಅವರ ಸರಾಸರಿ 16ರ ಮೇಲೆ, ಬಾಲೂ ಅವರದು 15ರ ಮೇಲೆ. ಪಿಚ್ಚು, ಎದುರಾಳಿ ಎಲ್ಲ ಬೇರೆ ಬೇರೆ, ಆದ್ದರಿಂದ ಇಬ್ಬರನ್ನೂ ತಕ್ಕಡಿಯಲ್ಲಿ ಇಟ್ಟು ತೂಗುವುದು ಸರಿಯಲ್ಲ. ಆದರೆ ಒಬ್ಬರಿಗೆ ಸಾವಿರ ಅವಕಾಶ, ಇನ್ನೊಬ್ಬರಿಗೆ ಮೂವತ್ತಮೂರು ಎಂಬುದಂತೂ ಎದ್ದು ಕಾಣುತ್ತದೆ.

ಮೂರನೆಯದು, ಒಂದು ಸಣ್ಣ ಗುಣಾಕಾರ. 179 ವಿಕೆಟ್‌ಗಳಲ್ಲಿ 75 ಬಂದದ್ದು ಇಂಗ್ಲೆಂಡಿನ ಆ ಒಂದೇ ಬೇಸಿಗೆಯಲ್ಲಿ, 20.12ರ ಸರಾಸರಿಯಲ್ಲಿ. ಅವನ್ನು ತೆಗೆದರೆ ಉಳಿಯುವುದು 104 ವಿಕೆಟ್. ಲೆಕ್ಕ ಹಾಕಿ ನೋಡಿದರೆ ಇವುಗಳ ಸರಾಸರಿ 12ಕ್ಕಿಂತ ಕಡಿಮೆಗೆ ಇಳಿಯುತ್ತದೆ. ಅಂದರೆ ನಮ್ಮ ದೇಶದ ನೆಲದಲ್ಲಿ, ಮೂವತ್ತು ದಾಟಿದ ಮೇಲೆ, ಹನ್ನೆರಡು ರನ್ನಿಗೆ ಒಂದು ವಿಕೆಟ್ಟಿನಂತೆ ಹದಿನೈದು ವರ್ಷ ತೆಗೆದವರು ಇವರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರ ಜೂನ್‌ನಲ್ಲಿ, ಲಾರ್ಡ್ಸ್ ಮೈದಾನದಲ್ಲಿ. ಆಗ ಬಾಲೂ ಐವತ್ತೈದು ದಾಟಿದ್ದರು.

ಅದೇ 1932ರಲ್ಲಿ ಬಾಲೂ ಹೆಸರು ಬೇರೆ ಕಾರಣಕ್ಕೆ ಪತ್ರಿಕೆಗಳಲ್ಲಿ ಬಂತು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಡುವ ಬ್ರಿಟಿಷ್ ತೀರ್ಪನ್ನು ವಿರೋಧಿಸಿ ಗಾಂಧೀಜಿ ಯೆರವಡಾ ಜೈಲಿನಲ್ಲಿ ಉಪವಾಸ ಕೂತರು. ಅಂಬೇಡ್ಕರ್ ಅವರ ಜೊತೆ ಮಾತುಕತೆ ನಡೆಸಿದವರಲ್ಲಿ ಮದ್ರಾಸಿನ ಎಂ. ಸಿ. ರಾಜಾ ಮತ್ತು ಬಾಲೂ ಇದ್ದರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದವಾಯಿತು. ಪ್ರತ್ಯೇಕ ಮತಕ್ಷೇತ್ರದ ಬದಲು ಪ್ರಾಂತಗಳ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳು. ಅವುಗಳಲ್ಲಿ ಮದ್ರಾಸ್ ಪ್ರಾಂತಕ್ಕೆ 30. ಆ ಕಾಗದಕ್ಕೆ ಸಹಿ ಮಾಡಿದವರಲ್ಲಿ ಧಾರವಾಡದಲ್ಲಿ ಹುಟ್ಟಿದ ಬಾಲೂ ಒಬ್ಬರು. ನಮ್ಮ ಹೊಸೂರಿನ ಪಕ್ಕದ ತೊರಪ್ಪಳ್ಳಿಯಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿ ಇನ್ನೊಬ್ಬರು. ತೊರಪ್ಪಳ್ಳಿಯ ರಾಜಾಜಿ ಮನೆಯನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಸಂಗತಿಯನ್ನೂ ಹೇಳಬಹುದು.

1937ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಮುಂಬಯಿಯಲ್ಲಿ ಅಂಬೇಡ್ಕರ್ ವಿರುದ್ಧ ಬಾಲೂ ಅವರನ್ನೇ ನಿಲ್ಲಿಸಿತು. ಹಿಂದೆ ಸನ್ಮಾನ ಮಾಡಿದವರು, ಮಾಡಿಸಿಕೊಂಡವರು ಈಗ ಎದುರುಬದುರು. ಅಂಬೇಡ್ಕರ್ ಅವರಿಗೆ 13,245 ಮತ, ಬಾಲೂ ಅವರಿಗೆ 11,225. ಇಬ್ಬರ ದಾರಿ ಬೇರೆ. ಬಾಲೂ ಹಿಂದೂ ಸಮಾಜದ ಒಳಗಿದ್ದೇ ಬದಲಾವಣೆ ತರಬಹುದೆಂದು ನಂಬಿದವರು. ಅಂಬೇಡ್ಕರ್ ಆ ನಂಬಿಕೆಯನ್ನು ಬಿಟ್ಟವರು. ಯಾರು ಸರಿ ಎಂದು ತೀರ್ಪು ಕೊಡುವುದು ಈ ಪುಟದ ಕೆಲಸವಲ್ಲ. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದ ಮನುಷ್ಯ ಅದೇ ಜನರ ಜೊತೆ ಸೇರಿ ಬಾಳಬಹುದೆಂದು ನಂಬಿದ್ದು ಮಾತ್ರ ನಮ್ಮನ್ನು ಯೋಚನೆಗೆ ಹಚ್ಚುತ್ತದೆ.

ಬಾಲೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಅವರ ನಂತರ ದೇಶದ ಆಟದಲ್ಲಿ ಎಡಗೈ ಸ್ಪಿನ್ ದೊಡ್ಡ ಪರಂಪರೆಯಾಗಿ ಬೆಳೆಯಿತು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರ್‌ಗಳಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ತೆಗೆದ ನಮ್ಮ ಸುನಿಲ್ ಜೋಶಿ ಗದಗಿನವರು. ಆ ಗದಗ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇತ್ತು. ಬಾಲೂ ಅವರನ್ನು ಈ ಕಾಲದ ಓದುಗರಿಗೆ ಮತ್ತೆ ಪರಿಚಯಿಸಿದವರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಮುಖ್ಯರು, ಅವರೂ ಬೆಂಗಳೂರಿನವರೇ.

ಕೊನೆಯದಾಗಿ ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ರಾಜ್ಯೋತ್ಸವದ ಆಟೋಟಗಳಲ್ಲಿ ಗೆದ್ದ ಮಕ್ಕಳಿಗೆ ಬಹುಮಾನ ಕೊಡುತ್ತೇವೆ, ಅತಿಥಿಗಳಿಗೆ ಹಾರ ಹಾಕುತ್ತೇವೆ. ಬೆಳಿಗ್ಗೆ ಐದಕ್ಕೆ ಬಂದು ಮೈದಾನ ಗುಡಿಸಿ ಸುಣ್ಣದ ಗೆರೆ ಹಾಕುವವರ ಹೆಸರನ್ನು ವೇದಿಕೆಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಈ ವರ್ಷದಿಂದ ಹೇಳೋಣ. ಊಟವನ್ನು ಅವರ ಜೊತೆ ಒಂದೇ ಪಂಕ್ತಿಯಲ್ಲಿ ಮಾಡೋಣ. ಅವರ ಮಕ್ಕಳು ಆಡಲು ಬಂದರೆ ಚೆಂಡಿನ ಜೊತೆಗೆ ಬ್ಯಾಟನ್ನೂ ಕೊಡೋಣ.

ಇಂತಿ,
ಸಂಘದ ಪರವಾಗಿ, ಕಾರ್ಯದರ್ಶಿ